ಎಣ್ಣೆ ಹೊಡೆಯುವ ಪಂಪಿನಿಂದ ಕಾರು ತೊಳೆದ ಹತ್ತು ತಿಂಗಳು

ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ಬೀಜ, ಗೊಬ್ಬರದ ಅಂಗಡಿಗಳ ಮುಂದೆ ಬೆನ್ನಿಗೆ ಕಟ್ಟಿಕೊಳ್ಳುವ ಸ್ಪ್ರೇ ಪಂಪುಗಳನ್ನು ಸಾಲಾಗಿ ತೂಗುಹಾಕಿರುತ್ತಾರೆ. ಕಳೆದ ಜೂನ್ ತಿಂಗಳಲ್ಲಿ ನಾನು ಅಲ್ಲಿಂದ 16 ಲೀಟರ್ ತೊಟ್ಟಿಯ, 12 ವೋಲ್ಟ್ ಬ್ಯಾಟರಿಯ ಒಂದು ಪಂಪನ್ನು 2,700 ರೂಪಾಯಿ ಕೊಟ್ಟು ತಂದೆ. "ಯಾವ ಬೆಳಿಗಿ ಎಣ್ಣಿ ಹೊಡಿತೀರಿ ಸರ?" ಎಂದು ಅಂಗಡಿಯವರು ಕೇಳಿದರು. ಎಣ್ಣೆ ಹೊಡೆಯುವುದೆಂದರೆ ನಮ್ಮ ಕಡೆ ಬೆಳೆಗೆ ಕೀಟನಾಶಕ ಸಿಂಪಡಿಸುವುದು. ಬೆಳೆಗಲ್ಲ, ಮನೆಯ ಮುಂದಿನ ಕಾರು ತೊಳೆಯಲು ಎಂದಾಗ ಅವರು ಕೊಟ್ಟ ಸಲಹೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: "ಹಂಗಾದ್ರ ಹೊಸಾ ಪಂಪೇ ತಗೋರಿ. ಎಣ್ಣಿ ಹೊಡದ ಪಂಪ್ ಎಷ್ಟ್ ತೊಳದ್ರೂ ವಾಸ್ನಿ ಹೋಗಂಗಿಲ್ಲ." ಊರಿನ ಹೊಲದಲ್ಲಿ ಬಳಸಿದ ಹಳೆಯ ಪಂಪು ಮನೆಯಲ್ಲಿದ್ದರೂ ಅದನ್ನು ಈ ಕೆಲಸಕ್ಕೆ ತರಬಾರದು. ತೊಟ್ಟಿಯ ಪ್ಲಾಸ್ಟಿಕ್ಕಿನಲ್ಲಿ, ಪೈಪಿನಲ್ಲಿ ಉಳಿದ ಕೀಟನಾಶಕ ನಮ್ಮ ಕೈಗೆ, ಕಾರಿನ ಬಾಗಿಲಿಗೆ ಒರಗಿ ನಿಲ್ಲುವ ಮಕ್ಕಳ ಮೈಗೆ ತಗಲುತ್ತದೆ.

ಮನೆಯಲ್ಲೇ ತೊಳೆಯಲು ನಿರ್ಧರಿಸಿದ್ದಕ್ಕೆ ಕಾರಣವಿದೆ. ನನ್ನ ಕಾರು ಗಾಢ ನೀಲಿ ಬಣ್ಣದ್ದು. ವಾರಕ್ಕೆ ಐದು ದಿನ ಅದು ಶಹಾಬಾದ್ ದಾಟಿ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯವರೆಗೆ ಹೋಗಿ ಬರುತ್ತದೆ. ಆ ದಾರಿಯ ಧೂಳು ಬರಿಯ ಮಣ್ಣಲ್ಲ. ಅದರಲ್ಲಿ ಸುಣ್ಣಕಲ್ಲಿನ ಪುಡಿ, ಸಿಮೆಂಟು, ರಸ್ತೆಯ ಮರಳು ಎಲ್ಲವೂ ಸೇರಿರುತ್ತವೆ. ಮೊದಲು ನಾನು ಕಾರು ಬಿಡುತ್ತಿದ್ದ ವಾಷಿಂಗ್ ಸೆಂಟರಿನಲ್ಲಿ ಚಕ್ರ ಒರೆಸಿದ ಬಟ್ಟೆಯನ್ನೇ ಅದೇ ಬಕೆಟ್ಟಿನಲ್ಲಿ ಅದ್ದಿ ಬಾನೆಟ್ ಒರೆಸುತ್ತಿದ್ದುದನ್ನು ಒಂದು ದಿನ ನಿಂತು ನೋಡಿದೆ. ಆ ಸಂಜೆ ಬೀದಿದೀಪದ ಕೆಳಗೆ ಕಾರು ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುತ್ತುಸುತ್ತಾದ ಸಣ್ಣ ಗೀರುಗಳು ಎದ್ದು ಕಂಡವು. ಬಣ್ಣದ ಮೇಲಿರುವ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನಿನಷ್ಟೇ ದಪ್ಪವಿರುತ್ತದೆ. ನಮ್ಮ ತಲೆಗೂದಲಿಗಿಂತಲೂ ತೆಳು. ಕಲ್ಲಿನ ಪುಡಿಯ ಮೇಲೆ ಬಟ್ಟೆಯನ್ನು ಒತ್ತಿ ಎಳೆದರೆ ಆ ಲೇಪಕ್ಕೆ ಮರಳುಕಾಗದ ಉಜ್ಜಿದಂತೆಯೇ ಆಗುತ್ತದೆ. ಆದ್ದರಿಂದ ನಮ್ಮ ಭಾಗದಲ್ಲಿ ಕಾರು ತೊಳೆಯುವವರು ಕೈ ಹಚ್ಚುವ ಮೊದಲೇ ಎಷ್ಟು ಸಾಧ್ಯವೋ ಅಷ್ಟು ಧೂಳನ್ನು ನೀರಿನಿಂದಲೇ ಇಳಿಸಬೇಕು. ಪಂಪು ಬೇಕಾಗುವುದು ಇಲ್ಲಿಯೇ.

ವಿದ್ಯುತ್ ಪ್ರೆಷರ್ ವಾಷರ್ ಏಕೆ ಕೊಳ್ಳಲಿಲ್ಲ ಎಂದು ಹಲವರು ಕೇಳಿದ್ದಾರೆ. ಅದರ ಒತ್ತಡ ನೂರು ಬಾರ್ ದಾಟುತ್ತದೆ, ಕೆಲಸ ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಅದಕ್ಕೆ ನಿರಂತರವಾಗಿ ನೀರು ಬೇಕು, ಅಂಗಳದವರೆಗೆ ಕರೆಂಟಿನ ವೈರು ಎಳೆಯಬೇಕು, ಬೆಲೆಯೂ ಎರಡು ಮೂರು ಪಟ್ಟು. ನಮ್ಮ ಮನೆಗೆ ನಳದ ನೀರು ದಿನವೂ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಂಡು ಬಳಸಬೇಕು. ಹೊಲದ ಪಂಪು ಅಂಥ ಮನೆಗೆ ಹೇಳಿ ಮಾಡಿಸಿದಂತಿದೆ. ಬೀಸಣಿಗೆಯಂತೆ ಅಗಲವಾಗಿ ಚಿಮ್ಮುವ ನಾಜಲ್ ಹಾಕಿದರೆ 16 ಲೀಟರ್ ನೀರು ಆರೇಳು ನಿಮಿಷ ಬರುತ್ತದೆ. ಮೊದಲ ಸಲಕ್ಕೆ ಒಂದು ತೊಟ್ಟಿ, ಶಾಂಪೂವಿಗೆ ಒಂದು ಬಕೆಟ್, ಕಾರು ಉಜ್ಜುವ ಕೈಗವಸು ಜಾಲಿಸಲು ಇನ್ನೊಂದು ಬಕೆಟ್, ಕೊನೆಯಲ್ಲಿ ಮತ್ತೊಂದು ತೊಟ್ಟಿ: ಎಲ್ಲ ಸೇರಿ ಸುಮಾರು 50 ಲೀಟರಿನಲ್ಲಿ ಇಡೀ ಕಾರು ಸ್ವಚ್ಛವಾಗುತ್ತದೆ. ಪೈಪು ಹಿಡಿದು ತೊಳೆಯುತ್ತಿದ್ದಾಗ ಎಷ್ಟು ನೀರು ಹರಿದುಹೋಗುತ್ತಿತ್ತು ಎಂಬುದನ್ನು ಅಳೆದಿರಲಿಲ್ಲ, ಆದರೆ ಗಟಾರದವರೆಗೆ ಹರಿಯುತ್ತಿದ್ದುದು ನೆನಪಿದೆ.

ಮಳೆಗಾಲದಲ್ಲಿ ಇದರ ನಿಜವಾದ ಪರೀಕ್ಷೆ ಆಯಿತು. ಎರೆಮಣ್ಣಿನ ಸ್ವಭಾವ ಎಲ್ಲರಿಗೂ ಗೊತ್ತು: ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಜುಲೈನಲ್ಲಿ ಒಂದು ಹಳ್ಳಿಯ ದಾರಿಯಲ್ಲಿ ಹೋಗಿ ಬಂದ ಮೇಲೆ ಚಕ್ರದ ಮೇಲಿನ ಗೂಡಿನಲ್ಲಿ ಮಣ್ಣು ನಾಲ್ಕು ಬೆರಳು ದಪ್ಪ ಕಟ್ಟಿತ್ತು. ಈ ಪಂಪಿನ ಒತ್ತಡ ಅಂಥ ಮಣ್ಣನ್ನು ಒಮ್ಮೆಗೇ ಕಿತ್ತು ಹಾಕುವುದಿಲ್ಲ. ಈ ವಿಷಯದಲ್ಲಿ ಪ್ರೆಷರ್ ವಾಷರ್‌ಗೆ ಇದು ಸಾಟಿಯಲ್ಲ. ಆದರೆ ಎರೆಮಣ್ಣನ್ನು ಹೊಡೆದು ಕೀಳುವುದಕ್ಕಿಂತ ನೆನೆಸಿ ಇಳಿಸುವುದೇ ಸರಿಯಾದ ದಾರಿ. ಒಮ್ಮೆ ತೆಳುವಾಗಿ ನೀರು ಹಾಯಿಸಿ, ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ಹಾಯಿಸಿದರೆ ಅದು ನೀರು ಕುಡಿದು ಉಬ್ಬಿ, ಅಂಚಿನಿಂದ ಬಿಟ್ಟುಕೊಂಡು, ದೊಡ್ಡ ದೊಡ್ಡ ಹೆಂಟೆಯಾಗಿ ತಾನೇ ಕೆಳಗೆ ಬೀಳುತ್ತದೆ. ಹಾಗೆ ಬಿದ್ದ ಹೆಂಟೆಯ ಒಳಮೈಯಲ್ಲಿ ಚಕ್ರದ ಗೂಡಿನ ಪ್ಲಾಸ್ಟಿಕ್ಕಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು. ಕೆಳಗೆ ಬಿದ್ದ ಮಣ್ಣನ್ನು ಮೊದಲು ಗುದ್ದಲಿಯಿಂದ ಎತ್ತಿ ತೆಗೆಯಬೇಕು. ಗಟಾರಕ್ಕೆ ಬಿಟ್ಟರೆ ಅದು ಅಲ್ಲಿ ಮತ್ತೆ ಕಲ್ಲಾಗುತ್ತದೆ.

ಧೂಳಿಗಿಂತಲೂ ದೊಡ್ಡ ತೊಂದರೆ ನೀರಿನದು. ನಗರಕ್ಕೆ ಬರುವ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬೋರಿನ ನೀರಿಗಿಂತ ಮೃದು, ಆದರೆ ಹೆಚ್ಚಿನ ಮನೆಗಳಲ್ಲಿ ಕಾರಿಗೆ ಬಳಸುವುದು ಬೋರಿನದನ್ನೇ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಮೀರದಿರಲಿ ಎಂದು ಭಾರತೀಯ ಮಾನಕ ಹೇಳುತ್ತದೆ. ಬೇರೆ ನೀರೇ ಸಿಗದ ಕಡೆ 2,000ದವರೆಗೆ ಒಪ್ಪುತ್ತದೆ. ನಮ್ಮ ಬೋರಿನ ನೀರಿಗೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 1,100ರ ಆಸುಪಾಸು ತೋರಿಸುತ್ತದೆ. ಅಂಥ ನೀರು ಕಾರಿನ ಮೇಲೆ ಒಣಗಿದರೆ ನೀರು ಮಾತ್ರ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಒಂದು ಬಾಗಿಲು ಒರೆಸುವಷ್ಟರಲ್ಲಿ ಇನ್ನೊಂದು ಬಾಗಿಲು ಒಣಗಿ ಬಿಳಿ ಉಂಗುರಗಳು ಎದ್ದಿರುತ್ತವೆ. ಬೆಳಿಗ್ಗೆ ಆರಕ್ಕೆ ಶುರುಮಾಡಿ ಏಳಕ್ಕೆ ಮುಗಿಸುವುದು ನನಗೆ ಈಗ ನಿಯಮವೇ ಆಗಿದೆ. ಒಂದೊಂದೇ ಭಾಗವನ್ನು ತೊಳೆದು, ಒಣಗಿಸಿ, ಮುಂದಿನದಕ್ಕೆ ಹೋಗುತ್ತೇನೆ.

ಕೊನೆಯ ಸಲ ಹಾಯಿಸುವ ನೀರನ್ನು ಬದಲಿಸಿದ್ದು ನಾನು ಮಾಡಿದ ಅತ್ಯಂತ ಉಪಯುಕ್ತ ಬದಲಾವಣೆ. ಮಳೆಗಾಲದಲ್ಲಿ ಮನೆಯ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಕೊಡದಲ್ಲಿ ಹಿಡಿದಿಟ್ಟು, ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕುತ್ತೇನೆ. ಗಾಳಿಯ ತೇವವೇ ತಣಿದು ನೀರಾಗುವುದರಿಂದ ಅದರಲ್ಲಿ ಸುಣ್ಣದ ಅಂಶ ಇರುವುದೇ ಇಲ್ಲ ಎನ್ನಬಹುದು. ಬೇಸಿಗೆಯಲ್ಲಿ ನಮ್ಮ ಗಾಳಿ ಒಣಗಿರುವುದರಿಂದ ಏಸಿಯ ನೀರು ಸಾಕಷ್ಟು ಸಿಗುವುದಿಲ್ಲ. ಆಗ ಶುದ್ಧೀಕರಿಸಿದ ಆರ್‌ಒ ನೀರನ್ನು ಮೂರು ನಾಲ್ಕು ಲೀಟರ್ ಬಳಸುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಹಾಳು ಮಾಡಬಾರದೆಂದು ಹಲವು ಮನೆಗಳಲ್ಲಿ ಅದನ್ನು ಕಾರಿಗೆ ಇಡುತ್ತಾರೆ. ಉಳಿಸುವ ಉದ್ದೇಶ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಬೋರಿನ ನೀರಿಗಿಂತಲೂ ಹೆಚ್ಚು ಲವಣ ಸೇರಿರುತ್ತದೆ. ಅದು ಚಕ್ರದ ಗೂಡು ನೆನೆಸಲು ಆಗುತ್ತದೆ, ಗಾಜಿಗೂ ಬಾನೆಟ್ಟಿಗೂ ಖಂಡಿತ ಬೇಡ.

ಈಗಾಗಲೇ ಕೂತ ಬಿಳಿ ಕಲೆಗೆ ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಸಾಕು. ಇದರ ಗುಣವನ್ನು ತಿಳಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಅಡುಗೆಮನೆಯ ಶಹಾಬಾದ್ ಫರಸಿಯ (ಹಾಸುಗಲ್ಲಿನ) ಮೇಲೆ ನಿಂಬೆಹಣ್ಣಿನ ರಸ ಬಿದ್ದು ತಡವಾಗಿ ಒರೆಸಿದರೆ ಅಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುವುದನ್ನು ಪ್ರತಿ ಮನೆಯವರೂ ನೋಡಿದ್ದಾರೆ. ಫರಸಿ ಸುಣ್ಣಕಲ್ಲು, ಹುಳಿ ಅದನ್ನು ಕರಗಿಸುತ್ತದೆ. ಗಾಜಿನ ಮೇಲಿನ ನೀರಿನ ಕಲೆಯೂ ಅದೇ ಸುಣ್ಣವಾದ್ದರಿಂದ ಅದೇ ಹುಳಿಗೆ ಕರಗುತ್ತದೆ. ಒಂದು ಭಾಗ ವಿನೆಗರ್, ಒಂದು ಭಾಗ ಶುದ್ಧ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ, ಗಾಜಿನ ಮೇಲೆ ಒಂದು ನಿಮಿಷ ಹಾಸಿಟ್ಟು ಒರೆಸಿ ತೊಳೆದರೆ ಕಲೆ ಹೋಗುತ್ತದೆ. ಬಿಸಿಯಾದ ಬಣ್ಣದ ಮೇಲೆ ಇದನ್ನು ಹಾಕಬಾರದು, ಒಣಗಲೂ ಬಿಡಬಾರದು. ಅಂಗಳಕ್ಕೆ ಫರಸಿ ಹಾಸಿದ್ದರೆ ಕೆಳಗೆ ಮೊದಲು ನೀರು ಚೆಲ್ಲಿ ಒದ್ದೆ ಮಾಡಿಕೊಳ್ಳಿ. ಇಲ್ಲವಾದರೆ ಗಾಜಿನ ಕಲೆ ಹೋಗಿ ನೆಲದ ಮೇಲೆ ಹೊಸ ಕಲೆ ಬೀಳುತ್ತದೆ. ನಮ್ಮ ಮೆಟ್ಟಿಲ ಬಳಿ ಅಂಥ ಎರಡು ಕಲೆಗಳಿವೆ.

ಶಾಂಪೂ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನಾನು ಬಳಸುವುದು 3ಎಂ ಕಂಪನಿಯ ಕಾರ್ ಶಾಂಪೂ. ಕೈಗವಸು ಜಾರುವಂತೆ ಮಾಡುತ್ತದೆ, ಸುಲಭವಾಗಿ ತೊಳೆದುಹೋಗುತ್ತದೆ, ತೃಪ್ತಿಯಿದೆ. ಗಡಸು ನೀರಿನಲ್ಲಿ ನೊರೆ ಕಡಿಮೆ ಬರುತ್ತದೆಂದು ಶಾಂಪೂ ಸುರಿಯುತ್ತ ಹೋಗುವ ಬದಲು ಆ ಒಂದು ಬಕೆಟ್ಟಿಗೆ ನಳದ ನೀರನ್ನು ಬಳಸಿದರೆ ಸಾಕು. ಪಾತ್ರೆ ತೊಳೆಯುವ ಸಾಬೂನು ಕಾರಿಗೆ ಹಾಕಿದ ಮೇಣವನ್ನೂ ಕಿತ್ತುಕೊಂಡು ಹೋಗುತ್ತದೆ.

ಬಟ್ಟೆಗೆ ಹಣ ಹಾಕಲು ಮಾತ್ರ ಹಿಂದೆಮುಂದೆ ನೋಡಬಾರದು. ಹಳೆಯ ಬನಿಯನ್, ಸೀರೆಯ ತುಂಡು, ಟವೆಲ್ ಇವೆಲ್ಲ ಮೆತ್ತಗಿದ್ದರೂ ಅವುಗಳ ಹೊಲಿಗೆಯ ಅಂಚು ಗೀರುತ್ತದೆ, ಧೂಳಿನ ಕಣವನ್ನು ಒಳಗೆ ಎಳೆದುಕೊಳ್ಳುವುದೂ ಇಲ್ಲ. ಒಣಗಿಸಲು 800 ಜಿಎಸ್ಎಂನ (ಚದರ ಮೀಟರಿಗೆ 800 ಗ್ರಾಂ ತೂಗುವ) ದಪ್ಪ ಮೈಕ್ರೋಫೈಬರ್ ಬಟ್ಟೆ, ಗಾಜಿಗೆ 300ರ ತೆಳು ಬಟ್ಟೆ, ಚಕ್ರಕ್ಕೆ ಬೇರೆ ಬಣ್ಣದ್ದು ಹೀಗೆ ಮೂರು ಬಗೆ ಇಟ್ಟುಕೊಂಡಿದ್ದೇನೆ. ದಪ್ಪ ಬಟ್ಟೆಯನ್ನು ಉಜ್ಜುವುದಿಲ್ಲ. ಬಾನೆಟ್ಟಿನ ಮೇಲೆ ಹಾಸಿ, ಅಂಗೈಯಿಂದ ಮೆಲ್ಲಗೆ ತಟ್ಟಿ ಎತ್ತುತ್ತೇನೆ. ಒಮ್ಮೆ ಕೆಳಗೆ ಬಿದ್ದ ಬಟ್ಟೆ ಆ ದಿನ ಮತ್ತೆ ಕಾರನ್ನು ಮುಟ್ಟುವುದಿಲ್ಲ. ಮನೆಯ ಬಟ್ಟೆಗಳ ಜೊತೆ ಇವನ್ನು ಒಗೆಯಬಾರದು, ಹತ್ತಿಯ ನೂಲೆಲ್ಲ ಇದಕ್ಕೆ ಹತ್ತಿಕೊಳ್ಳುತ್ತದೆ. ಬಟ್ಟೆ ಮೃದುವಾಗಿಸುವ ದ್ರವವನ್ನೂ ಹಾಕಬಾರದು, ಎಳೆಗಳ ನೀರು ಹೀರುವ ಗುಣ ಕುಂದುತ್ತದೆ.

ನವೆಂಬರಿನಲ್ಲಿ ಒಂದು ಭಾನುವಾರವನ್ನು ಪೂರ್ತಿ ಕ್ಲೇ ಬಾರ್‌ಗೆ, ಅಂದರೆ ಬಣ್ಣಕ್ಕೆ ಅಂಟಿದ ಕಣಗಳನ್ನು ಎಳೆದು ತೆಗೆಯುವ ಮೆತ್ತನೆಯ ಮುದ್ದೆಗೆ, ಕೊಟ್ಟೆ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿದಾಗ ಬೆರಳಿಗೆ ರವೆಯಂತೆ ತರಿತರಿ ಹತ್ತಿತು. ಕಣ್ಣಿಗೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಅದು ಇಬ್ಬನಿಯಲ್ಲಿ ನೆನೆದು ಗಟ್ಟಿಯಾಗಿ ಕೂತ ಸಿಮೆಂಟಿನ ಕಣ. ಶಾಂಪೂ ಬೆರೆಸಿದ ನೀರನ್ನು ಧಾರಾಳವಾಗಿ ಸಿಂಪಡಿಸಿ, ಕ್ಲೇಯನ್ನು ಚಪಾತಿಯಂತೆ ಒತ್ತಿ, ಒಂದು ಗೇಣಿನಷ್ಟು ಜಾಗದಲ್ಲಿ ಹಿಂದೆ ಮುಂದೆ ಆಡಿಸುತ್ತ ಹೋದೆ. ಮೊದಲು ಕರಕರ ಸದ್ದು ಬರುತ್ತದೆ, ಆಮೇಲೆ ಸದ್ದು ನಿಲ್ಲುತ್ತದೆ. ನಿಂತರೆ ಆ ಜಾಗ ಮುಗಿಯಿತು. ಕ್ಲೇಯನ್ನು ಮಡಚಿ ಹೊಸ ಮುಖ ಮೇಲೆ ಬರುವಂತೆ ಮಾಡಿಕೊಳ್ಳುತ್ತಿರಬೇಕು, ನೆಲಕ್ಕೆ ಬಿದ್ದರೆ ಎಷ್ಟೇ ದುಬಾರಿಯಾದರೂ ಬಿಸಾಡಬೇಕು. ವರ್ಷಕ್ಕೆ ಒಂದೇ ಸಲ ಸಾಕು, ಏಕೆಂದರೆ ಪ್ರತಿ ಸಲವೂ ಅದು ಲೇಪವನ್ನು ತುಸು ಮಸುಕು ಮಾಡುತ್ತದೆ.

ಅದರ ಮೇಲೆ ಫಾರ್ಮುಲಾ 1 ಎಂಬ ಹೆಸರಿನ ಕಾರ್ನೌಬಾ ವ್ಯಾಕ್ಸ್ ಹಚ್ಚಿದೆ. ಕಾರ್ನೌಬಾ ಎಂಬುದು ಬ್ರೆಜಿಲ್ ದೇಶದ ಒಂದು ತಾಳೆಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ. ಗಾಢ ಬಣ್ಣಕ್ಕೆ ಅದು ಕೊಡುವ ಹೊಳಪು ನನಗೆ ಬಹಳ ಹಿಡಿಸಿತು. ಚಳಿಗಾಲ ಪೂರ್ತಿ ನೀರಿನ ಹನಿ ಬಾನೆಟ್ಟಿನ ಮೇಲೆ ಮುತ್ತಿನಂತೆ ಉರುಳುತ್ತಿತ್ತು. ಆದರೆ ಕಲಬುರಗಿಯ ಬೇಸಿಗೆಯನ್ನು ಯಾವ ನೈಸರ್ಗಿಕ ಮೇಣವೂ ಬಹಳ ದಿನ ತಾಳುತ್ತದೆ ಎಂದು ನಿರೀಕ್ಷಿಸಬಾರದು. ಮಾರ್ಚ್‌ನಿಂದ ಜೂನ್‌ವರೆಗೆ ಸಿಲಿಕಾ ಇರುವ ಸ್ಪ್ರೇ ಸೀಲೆಂಟ್ (ಸಿಂಪಡಿಸುವ ರಕ್ಷಣಾ ಲೇಪ) ಬಳಸುವುದೇ ಲೇಸು. ಬೇವಿನ ನೆರಳಲ್ಲಿ ಕಾರು ನಿಲ್ಲಿಸುವವರಿಗಂತೂ ಇದು ಬೇಕೇ ಬೇಕು: ಬೇವಿನ ಹೂವಿನ ಅಂಟು, ಹಕ್ಕಿಯ ಹಿಕ್ಕೆ ಎರಡೂ ಆ ಬಿಸಿಗೆ ಬಣ್ಣದೊಳಗೆ ಇಳಿಯುತ್ತವೆ. ಹಿಕ್ಕೆ ಕಂಡ ದಿನವೇ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು, ಉಗುರಿನಿಂದ ಕೆರೆಯಬಾರದು.

ಪಂಪಿನ ದೋಷಗಳನ್ನೂ ಹೇಳಬೇಕು. ಅದರ ಪೈಪು ತೀರ ಗಿಡ್ಡ. ನೆಲದ ಮೇಲಿಟ್ಟರೆ ಒಂದು ಬಾಗಿಲನ್ನೂ ದಾಟುವುದಿಲ್ಲ, ಬೆನ್ನಿಗೇರಿಸಿದರೆ 20 ಕಿಲೋ ದಾಟುವ ಭಾರಕ್ಕೆ ಬಗ್ಗಿ ಚಕ್ರ ತೊಳೆಯಲಾಗುವುದಿಲ್ಲ. ಅದೇ ಅಂಗಡಿಯಲ್ಲಿ ಮೂರು ಮೀಟರ್ ಪೈಪು ಕತ್ತರಿಸಿ ತಂದು ಜೋಡಿಸಿದ ಮೇಲೆ ಪಂಪನ್ನು ಸ್ಟೂಲಿನ ಮೇಲಿಟ್ಟೇ ಕೆಲಸ ಮಾಡುತ್ತಿದ್ದೇನೆ. ತೊಟ್ಟಿಯಲ್ಲಿ ಬೋರಿನ ನೀರು ಬಿಟ್ಟರೆ ನಾಜಲ್ಲಿನ ರಂಧ್ರದಲ್ಲಿ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ಅದನ್ನೂ ವಿನೆಗರಿನಲ್ಲಿ ನೆನೆಸುತ್ತೇನೆ. ಎಂಟನೇ ತಿಂಗಳಿಗೆ ಹಿಡಿಕೆಯ ಬಳಿ ನೀರು ಸೋರತೊಡಗಿತು. ಗಂಜಿಗೆ ಒಯ್ದಾಗ ಅಂಗಡಿಯವರು ಡಬ್ಬಿಯೊಂದರಿಂದ ರಬ್ಬರ್ ವಾಷರ್ ಹೆಕ್ಕಿ, ಎರಡು ನಿಮಿಷದಲ್ಲಿ ಹಾಕಿಕೊಟ್ಟರು. ಹತ್ತು ರೂಪಾಯಿ ತೆಗೆದುಕೊಂಡು, ಮುಂದಿನ ಸಲ ನೀವೇ ಹಾಕಿಕೊಳ್ಳಿ ಎಂದು ಇನ್ನೊಂದು ವಾಷರನ್ನು ಕೈಯಲ್ಲಿಟ್ಟರು.