ಅಂಕೋಲೆಯ ಉಪ್ಪುಗಾಳಿಯಲ್ಲಿ ಹಳೇ ಆಲ್ವಿನ್ ಫ್ರಿಜ್: ರಿಪೇರಿ ಮಾಡಿಸಿ ಬಳಸಿದ ಅನುಭವ

1970ರ ದಶಕದ ನಮ್ಮ 165 ಲೀಟರಿನ ಆಲ್ವಿನ್ ಫ್ರಿಜ್ ರಿಪೇರಿಯಾಗಿ ಹಲವು ಮಳೆಗಾಲ ಕಳೆದವು. ಈಗಲೂ ಚೆನ್ನಾಗಿ ಓಡುತ್ತಿದೆ. ಹಾಲು ಕೆಡುವುದಿಲ್ಲ, ಐಸ್ ಕಲ್ಲಿನಂತಾಗುತ್ತದೆ, ಮೇ ತಿಂಗಳಲ್ಲಿ ಕರಿ ಈಶಾಡ ಮಾವಿನ ರಸ ತುಂಬಿಟ್ಟರೂ ತಡೆಯುತ್ತದೆ. ಆದರೆ ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಬೇಡ. ಎಲ್ಲ ಸೇರಿ ಒಂದು ಹೊಸ ಸಣ್ಣ ಫ್ರಿಜ್ಜಿನ ಬೆಲೆಯ ಹತ್ತಿರ ಬಂತು. ಕರೆಂಟ್ ಬಿಲ್ಲೂ ಹೊಸದಕ್ಕಿಂತ ಜಾಸ್ತಿ. ನಮ್ಮ ಅಪ್ಪ ಕೊಂಡ ಫ್ರಿಜ್, ದಪ್ಪ ತಗಡಿನ ಮೈ, ಎಳೆದರೆ ಟಕ್ ಅನ್ನುವ ಹಿಡಿಕೆ. ಇದು ಗುಜರಿಗೆ ಹೋಗಬಾರದು ಅನ್ನುವ ಆಸೆ ಇತ್ತು, ಅದಕ್ಕೇ ಮಾಡಿಸಿದೆ.

ಆಲ್ವಿನ್ ಹೈದರಾಬಾದಿನ ಕಂಪನಿ. ಬಸ್ಸಿನ ಬಾಡಿ, ಕೈಗಡಿಯಾರ, ಫ್ರಿಜ್ ಎಲ್ಲ ಮಾಡುತ್ತಿತ್ತು. 1990ರ ದಶಕದಲ್ಲಿ ಅದರ ಫ್ರಿಜ್ ವಿಭಾಗ ವೋಲ್ಟಾಸ್ ಕೈಗೆ ಹೋಯಿತು. ಹಾಗಾಗಿ ಈಗ ಕಂಪನಿಯ ಸ್ಪೇರ್ ಪಾರ್ಟ್ ಅಂತ ಕೇಳುವುದೇ ಬೇಡ. ಪುಣ್ಯಕ್ಕೆ ಹಳೇ ಫ್ರಿಜ್ಜಿನಲ್ಲಿ ಸರ್ಕ್ಯೂಟ್ ಬೋರ್ಡ್ ಇರುವುದಿಲ್ಲ. ಕಂಪ್ರೆಸರ್ ಶುರು ಮಾಡುವ ರಿಲೇ, ಅದು ಕಾದರೆ ಕರೆಂಟ್ ಕಡಿಯುವ ಓವರ್‌ಲೋಡ್, ತಂಪು ಸಾಕಾದಾಗ ಅದನ್ನು ನಿಲ್ಲಿಸುವ ಥರ್ಮೋಸ್ಟ್ಯಾಟ್, ಅಷ್ಟೇ. ಮೂರೂ ಬೇರೆ ಮೇಕಿನವು ಹೊಂದುತ್ತವೆ.

ಕಂಪ್ರೆಸರ್ ಗುಂಯ್ ಅನ್ನುತ್ತಿತ್ತು, ತಂಪು ಮಾತ್ರ ಇರಲಿಲ್ಲ. ಮೊದಲು ಬಂದ ಒಬ್ಬರು ಗ್ಯಾಸ್ ತುಂಬಿ ದುಡ್ಡು ತಗೊಂಡು ಹೋದರು. ಕೆಲವೇ ವಾರದಲ್ಲಿ ಮತ್ತೆ ಬಿಸಿ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬುವುದು ಕೆಲಸವೇ ಅಲ್ಲ, ಗಿರಾಕಿಗೆ ಮಾಡುವ ಮೋಸ. ಆಮೇಲೆ ಸಿಕ್ಕ ಮೆಕ್ಯಾನಿಕ್ ವಯಸ್ಸಾದವರು, ಹಳೇ ಕೈ. ನಾನು ಗ್ಯಾಸಿನ ಮಾತು ತೆಗೆದ ಕೂಡಲೇ ಅವರು ಅಂದದ್ದು, "ಅಕ್ಕೋರೇ, ಗ್ಯಾಸ್ ಕಡೆಗೆ. ಮೊದ್ಲು ಅದು ಎಲ್ಲಿಂದ ಹೋತದೆ ನೋಡ್ವ."

ಪೈಪಿಗೆ ನೈಟ್ರೋಜನ್ ಒತ್ತಿ, ಬ್ರಷ್ಷಿನಿಂದ ಸೋಪಿನ ನೊರೆ ಹಚ್ಚುತ್ತಾ ಬಂದರು. ಹಿಂದಿನ ಕರಿ ಜಾಲರಿ ಇದೆಯಲ್ಲ, ಕಂಡೆನ್ಸರ್, ಅದರ ಕೆಳಗಿನ ತಿರುವಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅದು ಕಬ್ಬಿಣದ ಕೊಳವೆ. ಬೇಲೆಕೇರಿ ಕಡೆಯ ಉಪ್ಪುಗಾಳಿ ತಿಂದುಹಾಕಿತ್ತು. ಕಂಡೆನ್ಸರ್ ಬದಲಾಯಿಸಿ, ಫಿಲ್ಟರ್ ಹೊಸದು ಹಾಕಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಮಧ್ಯಾಹ್ನ ಪೂರ್ತಿ ಬಿಟ್ಟರು. ಒಳಗೆ ನೀರಿನ ಪಸೆ ಉಳಿದರೆ ತೀರಾ ಸಣ್ಣ ದಾರಿಯಿರುವ ಕ್ಯಾಪಿಲರಿ ಕೊಳವೆಯ ತುದಿಯಲ್ಲಿ ಅದು ಐಸ್ ಆಗಿ ಕಟ್ಟಿಕೊಳ್ಳುತ್ತದೆ. ನಮ್ಮ ಕಡೆ ಹವೆಯಲ್ಲೇ ನೀರಿರುವಾಗ ಈ ಕೆಲಸದಲ್ಲಿ ಅವಸರ ಸಲ್ಲ.

ಗ್ಯಾಸಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಫ್ರಿಜ್‌ಗಳಲ್ಲಿ ಇದ್ದದ್ದು ಆರ್-12 ಅನ್ನುವ ಗ್ಯಾಸ್. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದಕ್ಕೆ ಕಡಿವಾಣ ಬಿತ್ತು, 2010ರ ಹೊತ್ತಿಗೆ ನಮ್ಮ ದೇಶದಲ್ಲೂ ನಿಂತಿತು. ಎಲ್ಲ ಕಡೆ ಸಿಗುವ ಆರ್-134ಎ ಹಾಕೋಣ ಅಂದರೆ, ಹಳೇ ಕಂಪ್ರೆಸರಿನ ಮಿನರಲ್ ಆಯಿಲ್ ಜೊತೆ ಅದು ಬೆರೆಯುವುದಿಲ್ಲ. ಎಣ್ಣೆಯನ್ನೇ ಬದಲಾಯಿಸಬೇಕು. ಪ್ರೋಪೇನ್ ಮತ್ತು ಐಸೋಬ್ಯೂಟೇನ್ ಬೆರೆಸಿದ ಹೈಡ್ರೋಕಾರ್ಬನ್ ಗ್ಯಾಸ್ ಹಳೇ ಎಣ್ಣೆಗೆ ಹೊಂದುತ್ತದೆ, ತೂಕದಲ್ಲಿ ಆರ್-12ರ ಅರ್ಧಕ್ಕಿಂತ ಕಡಿಮೆ ಸಾಕು. ನಾವು ಅದನ್ನೇ ಹಾಕಿಸಿದೆವು. ಆದರೆ ಅದು ಅಡುಗೆ ಗ್ಯಾಸಿನ ಜಾತಿಯದು, ಬೆಂಕಿ ಹತ್ತುತ್ತದೆ. ಹಾಗಾಗಿ ಒಳಗಿದ್ದ ಥರ್ಮೋಸ್ಟ್ಯಾಟಿನ ಕಿಡಿ ಹಾರುವ ಭಾಗವನ್ನು ಹೊರಗೆ ತಂದು ಕೂರಿಸಿದರು. ಒಳಗಿನ ದೀಪವನ್ನು ಸ್ವಿಚ್ ಸಮೇತ ತೆಗೆದೇಬಿಟ್ಟರು. ಹಿಂದೆ, ಕಂಪ್ರೆಸರಿನ ಪಕ್ಕ, "ಉರಿಯುವ ಗ್ಯಾಸ್ ಇದೆ, ಬೆಂಕಿ ತೋರಿಸಬೇಡಿ" ಅಂತ ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ನಾಳೆ ಬೇರೆ ಯಾರೋ ಬಂದು ಗೊತ್ತಿಲ್ಲದೆ ಬೆಸುಗೆ ಹಾಕುವ ಟಾರ್ಚ್ ಹಚ್ಚಬಾರದಲ್ವಾ?

ಇಷ್ಟಾದರೂ ನನ್ನ ಪ್ರಕಾರ ನಿಜವಾದ ರಿಪೇರಿ ಗ್ಯಾಸಿನದ್ದಲ್ಲ. ಬಾಗಿಲಿನದ್ದು. ಒಳಗಿನ ಪ್ಲಾಸ್ಟಿಕ್ ಹಲಗೆಯ ಸ್ಕ್ರೂ ಬಿಚ್ಚಿ ತೆಗೆದಾಗ, ತಂಪು ಹೊರಗೆ ಹೋಗದಂತೆ ತುಂಬಿದ್ದ ಗ್ಲಾಸ್ ವುಲ್, ಅಂದರೆ ಗಾಜಿನ ಉಣ್ಣೆ, ಕಂದು ಬಣ್ಣಕ್ಕೆ ತಿರುಗಿ ಕೆಳಗೆ ಕುಸಿದು ಕೂತಿತ್ತು. ಹಿಂಡಿದರೆ ನೀರು ಬಂತು. ಬಾಗಿಲಿನ ಮೇಲರ್ಧದಲ್ಲಿ ಏನೂ ಇರಲಿಲ್ಲ, ಬರೀ ತಗಡು. ಈಗಿನ ಫ್ರಿಜ್‌ಗಳಲ್ಲಿ ಗಟ್ಟಿ ಫೋಮ್ ತುಂಬಿರುತ್ತಾರೆ, ಅದು ಅಷ್ಟು ಸುಲಭಕ್ಕೆ ನೀರು ಕುಡಿಯುವುದಿಲ್ಲ. ಗ್ಲಾಸ್ ವುಲ್ ಹಾಗಲ್ಲ. ಸಂದಿಯಿಂದ ನುಗ್ಗಿದ ಹಸಿ ಗಾಳಿ ತಣ್ಣಗಿನ ಒಳಗೋಡೆಗೆ ತಾಗಿ ಅಲ್ಲೇ ನೀರಾಗುತ್ತದೆ. ಉಣ್ಣೆ ಒದ್ದೆಯಾದರೆ ತಂಪು ತಡೆಯುವುದಿಲ್ಲ, ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಹೊರಮೈ ಬೆವರುತ್ತದೆ, ತಗಡು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಆಷಾಢದಲ್ಲಿ ಫ್ರಿಜ್ ಕೆಳಗೆ ನೀರು ನಿಲ್ಲುತ್ತಿದ್ದದ್ದು ಇದಕ್ಕೇ. ಹಳೇದನ್ನೆಲ್ಲ ಕಿತ್ತು, ತುಕ್ಕು ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಹೊಸ ಗ್ಲಾಸ್ ವುಲ್ ತುಂಬಿ, ಹೊರಗಿನ ಸಂದಿಗಳಿಗೆ ಸಿಲಿಕೋನ್ ಹಾಕಿದೆವು. ಇದನ್ನು ಚಳಿಗಾಲದ ಒಣ ಬಿಸಿಲಲ್ಲೇ ಮಾಡಿಸಿ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಬೇಕೇ ಬೇಕು.

ಬಾಗಿಲಿನ ರಬ್ಬರ್ ಸಿಗುವುದು ಕಷ್ಟವಾಯಿತು. ಇದು ಚಿಲಕದ ಬಾಗಿಲು, ರಬ್ಬರಿನೊಳಗೆ ಅಯಸ್ಕಾಂತ ಇಲ್ಲ. ಕಾರವಾರದಲ್ಲಿ ಸಿಗಲಿಲ್ಲ, ಅಳತೆ ಕೊಟ್ಟು ಹುಬ್ಬಳ್ಳಿಯಿಂದ ತರಿಸಿದೆವು. ಕೂರಿಸಿದ ಮೇಲೆ ಒಂದು ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆದು ನೋಡಬೇಕು, ಸುತ್ತಲೂ ಹೀಗೆ. ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಹೋಗುತ್ತಿದೆ ಅಂತ ಅರ್ಥ. ಚಿಲಕ ಕಚ್ಚುವ ಪಟ್ಟಿಯ ಕೆಳಗೆ ವಾಷರ್ ಇಟ್ಟು ಸರಿ ಮಾಡಿಕೊಂಡೆವು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರ ಈ ಚಿಲಕ ಇಟ್ಟುಕೊಳ್ಳಲೇಬೇಡಿ. ಒಳಗಿನಿಂದ ಇದನ್ನು ತೆರೆಯಲು ಬರುವುದಿಲ್ಲ. ಮಕ್ಕಳು ಒಳಗೆ ಸಿಕ್ಕಿ ಸತ್ತ ಮೇಲೆ ಅಮೆರಿಕದಲ್ಲಿ 1956ರಲ್ಲಿ ಫ್ರಿಜ್ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಅಂತ ಕಾನೂನು ತಂದರು. ಕೆಟ್ಟ ಫ್ರಿಜ್ ಹಿತ್ತಲಿನಲ್ಲಿ ಬಿದ್ದಿದ್ದರೆ ಇವತ್ತೇ ಬಾಗಿಲು ಕಿತ್ತಿಡಿ.

ಪೇಂಟಿಂಗ್ ಕಾರಿನ ಗ್ಯಾರೇಜಿನಲ್ಲಿ ಆಯಿತು, ಚೆನ್ನಾಗಿದೆ. ಹಳೇ ವೈರ್ ತೆಗೆಸಿ ಅರ್ತಿಂಗ್ ಇರುವ ಮೂರು ಪಿನ್ನಿನದು ಹಾಕಿಸಿದೆವು. ಒದ್ದೆ ನೆಲ, ತಗಡಿನ ಮೈ, ಇದರಲ್ಲಿ ರಾಜಿ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ, ಅದಕ್ಕೆ ಮೂರು ನಿಮಿಷ ತಡೆದು ಕರೆಂಟ್ ಕೊಡುವ ಸ್ಟೆಬಿಲೈಜರ್ ಇದೆ. ಕಂಪ್ರೆಸರಿನ ಎರಡೂ ಬದಿಯ ಒತ್ತಡ ಸಮ ಆಗಲು ಅಷ್ಟು ಹೊತ್ತು ಬೇಕು. ಇಲ್ಲದಿದ್ದರೆ ಮೋಟಾರ್ ತಿರುಗದೆ ಒದ್ದಾಡಿ ಸುಡುತ್ತದೆ.

ದಿನನಿತ್ಯದ ಬಳಕೆಯಲ್ಲಿ ಹಿಡಿಸದ್ದೂ ಇದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಆಫ್ ಮಾಡಿ ಐಸ್ ಕರಗಿಸಲೇಬೇಕು. ಚಾಕು ಹಾಕಿ ಕೀಳುವ ಹಾಗಿಲ್ಲ, ಫ್ರೀಜರಿನ ಅಲ್ಯೂಮಿನಿಯಂ ತೂತಾದರೆ ಗ್ಯಾಸ್ ಹೋಗಿ ಎಲ್ಲ ಮುಗಿದಂತೆ. ಬಂಗಡೆ ಒಂದು ರಾತ್ರಿಗೆ ಸರಿ, ಹೆಚ್ಚು ದಿನ ಇಡಲು ಇದರ ಫ್ರೀಜರ್ ಸಾಲದು. ಬೇಸಿಗೆಯಲ್ಲಿ ಕೆಳಗಿನ ಟ್ರೇ ತರಕಾರಿಗೆ ಆಗುತ್ತದೆ, ಹಾಲನ್ನು ಮೇಲೆಯೇ ಇಡಬೇಕು.

ನಿಮ್ಮಲ್ಲೂ ಇಂಥದ್ದಿದ್ದರೆ ಗ್ಯಾಸ್ ಕೇಳುವ ಮೊದಲು ಬಾಗಿಲ ಹಲಗೆ ಬಿಚ್ಚಿಸಿ ನೋಡಿ. ಬಾಗಿಲಿನ ಉಣ್ಣೆ ಮಾತ್ರ ಹಾಳಾಗಿದ್ದರೆ ಮಾಡಿಸಬಹುದು. ಪೆಟ್ಟಿಗೆಯ ಗೋಡೆಗಳೂ ನೀರು ಕುಡಿದು, ಬುಡದ ತಗಡನ್ನು ಬೆರಳಿನಲ್ಲಿ ಒತ್ತಿದರೆ ಒಳಹೋಗುವಂತಿದ್ದರೆ ಬಿಟ್ಟುಬಿಡಿ. ನಮ್ಮದರಲ್ಲಿ ಸದ್ಯ ಥರ್ಮೋಸ್ಟ್ಯಾಟ್ ಹಠ ಹಿಡಿದಿದೆ, ಕಟ್ ಆಗಲು ತಡ ಮಾಡುತ್ತಿದೆ. ಹೊಸದು ತರಲು ಹೇಳಿದ್ದೇನೆ, ಅದೇ ಮೆಕ್ಯಾನಿಕ್ ಬಂದು ಹಾಕಿಕೊಡುತ್ತಾರೆ.