ತೊಳೆದು ಬಳಸುವ ಏರ್ ಫಿಲ್ಟರ್: ಕೆಂಪು ಧೂಳಿನ ರಸ್ತೆಯಲ್ಲಿ ಮೂರು ವರ್ಷ

ಮೊದಲು ಬೆರಳಿನ ವಿಷಯ ಹೇಳಿಬಿಡುತ್ತೇನೆ. ಕಳೆದ ಜನವರಿಯಲ್ಲಿ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನು) ಕಡೆಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿದೆ. ತುದಿ ಕೆಂಪಾಯಿತು. ಫಿಲ್ಟರ್‌ಗೆ ಹಾಕುವ ಎಣ್ಣೆಯೂ ಕೆಂಪೇ, ಅದೇ ಇರಬಹುದು ಅಂದುಕೊಂಡೆ. ಎರಡು ಬೆರಳ ನಡುವೆ ಉಜ್ಜಿ ನೋಡಿದೆ. ಮರಳು ಮರಳಾಗಿ ಸಿಕ್ಕಿತು. ಫಿಲ್ಟರ್ ದಾಟಿದ ಮೇಲಿನ ಜಾಗ ಅದು. ಅಲ್ಲಿ ಧೂಳು ಇರಲೇಬಾರದು.

ನನ್ನದು 2014ರ ಡೀಸೆಲ್ ಸ್ವಿಫ್ಟ್. ಮನೆ ಹೊಸಪೇಟೆ, ಕೆಲಸ ತೋರಣಗಲ್ಲು. ಹೋಗಿಬಂದರೆ ದಿನಕ್ಕೆ ಸುಮಾರು 65 ಕಿ.ಮೀ. ಆಗಾಗ ಸಂಡೂರಿಗೆ, ಅತ್ತೆಯ ಮನೆಗೆ. ಈ ಕಡೆಯವರಿಗೆ ರಸ್ತೆಯ ಬಗ್ಗೆ ಹೇಳಬೇಕಿಲ್ಲ. ಅದಿರು ಲಾರಿ ಮುಂದಿದ್ದರೆ ಗಾಜಿನ ಮೇಲೆ ಕೆಂಪು ಪುಡಿ ಕೂರುತ್ತದೆ, ನೀರು ಬಿಟ್ಟು ವೈಪರ್ ಹಾಕಿದರೆ ಕೆಸರಾಗುತ್ತದೆ. ಪೇಪರ್ ಫಿಲ್ಟರ್ ನಾಲ್ಕೈದು ತಿಂಗಳಿಗೇ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಪದೇ ಪದೇ ಕೊಳ್ಳುವ ಬದಲು ಒಂದೇ ಸಲ ಒಳ್ಳೆಯದು ತಗೊಳ್ಳೋಣ ಅಂತ, ಧೂಳು ಹಿಡಿಯಲು ಎಣ್ಣೆ ಹಾಕಿ, ಕೊಳೆಯಾದಾಗ ತೊಳೆದು ಮತ್ತೆ ಬಳಸುವ ಹತ್ತಿಬಟ್ಟೆಯ ಫಿಲ್ಟರ್ ತರಿಸಿದೆ. 5,600 ರೂಪಾಯಿ. ತೊಳೆಯುವ ದ್ರಾವಣ ಮತ್ತು ಎಣ್ಣೆಗೆ ಇನ್ನೊಂದು 1,700. ಪಿಕಪ್ ಜಾಸ್ತಿ, ಮೈಲೇಜ್ ಜಾಸ್ತಿ ಅಂತ ಡಬ್ಬಿಯ ಮೇಲೆ ಬರೆದಿತ್ತು.

ಮೊದಲ ವರ್ಷ ನಾನು ತುಂಬಾ ಖುಷಿಯಾಗಿದ್ದೆ. ಸದ್ದು ಚೆನ್ನಾಗಿತ್ತು. ಎರಡನೇ ಗೇರ್‌ನಲ್ಲಿ 2,000 ಆರ್‌ಪಿಎಂ ದಾಟುವಾಗ ಟರ್ಬೊ ಗಾಳಿ ಎಳೆಯುವುದು ಒಳಗೆ ಕೂತವರಿಗೂ ಕೇಳುತ್ತಿತ್ತು. ಅದಕ್ಕಿಂತ ನನಗೆ ಹಿಡಿಸಿದ್ದು ತೊಳೆಯುವ ಕೆಲಸ. ತಿಂಗಳಿಗೊಂದು ಶನಿವಾರ ಸಂಜೆ ಫಿಲ್ಟರ್ ತೆಗೆದು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಬಡಿಯುತ್ತಿದ್ದೆ. ದ್ರಾವಣ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ನಲ್ಲಿಯನ್ನು ಸಣ್ಣಗೆ ತಿರುಗಿಸಿ, ಒಳಮೈಯಿಂದ ಹೊರಮೈಗೆ ನೀರು ಬಿಡುತ್ತಿದ್ದೆ. ಹೊರಗಿನಿಂದ ಬಿಟ್ಟರೆ ಕೊಳೆ ಇನ್ನೂ ಒಳಗೆ ಹೋಗುತ್ತದೆ. ನೀರು ಮೊದಲು ಹುಣಸೆ ರಸದ ಹಾಗೆ, ಆಮೇಲೆ ಚಹಾದ ಹಾಗೆ, ಕೊನೆಗೆ ತಿಳಿಯಾಗಿ ಇಳಿಯುತ್ತಿತ್ತು. ರಾತ್ರಿಯೆಲ್ಲ ನೆರಳಲ್ಲಿ ಆರಬೇಕು, ಬಿಸಿಲಿಗೆ ಇಡಬಾರದು. ಬೆಳಿಗ್ಗೆ ಒಂದೊಂದು ನೆರಿಗೆಯ ಉದ್ದಕ್ಕೂ ಎಣ್ಣೆಯ ಗೆರೆ ಎಳೆದು ಕಾಯುತ್ತಿದ್ದೆ. ಇಪ್ಪತ್ತು ನಿಮಿಷದಲ್ಲಿ ಬಟ್ಟೆ ಎಣ್ಣೆ ಕುಡಿದು ಗುಲಾಬಿ ಬಣ್ಣಕ್ಕೆ ಬರುತ್ತದೆ. ಎಲ್ಲಾದರೂ ಬಿಳಿ ಮಚ್ಚೆ ಉಳಿದರೆ ಅಲ್ಲಿಗೆ ಇನ್ನೊಂದು ಹನಿ. ನನ್ನ ಮಗಳಿಗೆ ಬಿಳಿ ಮಚ್ಚೆ ಹುಡುಕುವುದು ಅಂದರೆ ಬಹಳ ಇಷ್ಟವಾಗಿತ್ತು.

ಮೈಲೇಜ್ ಲೆಕ್ಕ ನೋಟ್‌ಬುಕ್‌ನಲ್ಲಿದೆ. ಅದೇ ಬಂಕ್, ಅದೇ ಪಂಪ್, ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ. ಮೊದಲು ಲೀಟರಿಗೆ ಸರಾಸರಿ 20.4 ಕಿ.ಮೀ. ಇತ್ತು, ಈ ಫಿಲ್ಟರ್ ಹಾಕಿದ ಮೇಲೆ 20.6. ಟೈರ್ ಗಾಳಿ ಸ್ವಲ್ಪ ಕಮ್ಮಿ ಇದ್ದರೂ ಅಷ್ಟು ವ್ಯತ್ಯಾಸ ಆಗುತ್ತದೆ, ಅಲ್ವಾ? ಯಾಕೆ ಹೀಗೆ ಅಂತ ಓದಿಕೊಂಡ ಮೇಲೆ ಬೇಜಾರಾಗಲಿಲ್ಲ. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದ್ದಕ್ಕಿಂತ ಜಾಸ್ತಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಶಕ್ತಿ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಇಂಜೆಕ್ಟರ್ ಬಿಡುವ ಡೀಸೆಲ್. ಪೆಟ್ರೋಲ್ ಕಾರಲ್ಲಿ ಗಾಳಿ ಜಾಸ್ತಿ ಹೋದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದಕ್ಕೆ ತಕ್ಕ ಹಾಗೆ ಪೆಟ್ರೋಲನ್ನೂ ಜಾಸ್ತಿ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು 2009ರಲ್ಲಿ ಈಗಿನ ಕಾಲದ ಪೆಟ್ರೋಲ್ ಕಾರುಗಳ ಫಿಲ್ಟರನ್ನು ಗಾಳಿ ಸರಿಯಾಗಿ ಹೋಗದ ಹಾಗೆ ಬೇಕೆಂದೇ ಮುಚ್ಚಿ ಓಡಿಸಿ ನೋಡಿದ್ದರು. ಪಿಕಪ್ ಇಳಿಯಿತು, ಮೈಲೇಜ್ ಇಳಿಯಲಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಇಳಿಯುತ್ತದೆ ಅನ್ನುವ, ಕಂಪ್ಯೂಟರ್ ಇಲ್ಲದ ಕಾರ್ಬುರೇಟರ್ ಕಾಲದ ಮಾತು ಇನ್ನೂ ಚಾಲ್ತಿಯಲ್ಲಿದೆ, ಅಷ್ಟೇ.

ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಏರ್ ಫಿಲ್ಟರ್ ಡಬ್ಬಿಯನ್ನೇ ತೆಗೆಸಿ, ಶಂಕುವಿನ ಆಕಾರದ ತೆರೆದ ಫಿಲ್ಟರ್ (ಕೋನ್ ಫಿಲ್ಟರ್) ಹಾಕಿಸಿದ್ದರು. ಅದಂತೂ ಬೇಡವೇ ಬೇಡ. ಕಂಪನಿ ಕೊಟ್ಟ ಡಬ್ಬಿ ಹೊರಗಿನ ಗಾಳಿ ಎಳೆಯುತ್ತದೆ, ತೆರೆದ ಕೋನ್ ಬಾನೆಟ್ ಕೆಳಗಿನ ಬಿಸಿ ಗಾಳಿ ಎಳೆಯುತ್ತದೆ. 35 ಡಿಗ್ರಿಯ ಗಾಳಿ 65 ಡಿಗ್ರಿಗೆ ಕಾದರೆ ಸಾಂದ್ರತೆ ಶೇ 9ರಷ್ಟು ಕಮ್ಮಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಬಾನೆಟ್ ಕೆಳಗೆ ಎಷ್ಟಿರುತ್ತದೆ ಯೋಚಿಸಿ.

ಎರಡನೇ ವರ್ಷ ಒಮ್ಮೆ ಎಣ್ಣೆ ಜಾಸ್ತಿ ಹಾಕಿಬಿಟ್ಟೆ. ಮೂರೇ ದಿನಕ್ಕೆ ಗಾಡಿ ತಡವರಿಸತೊಡಗಿತು. ಫಿಲ್ಟರ್ ಆಚೆ ಗಾಳಿ ಅಳೆಯುವ ಸೆನ್ಸರ್ ಇದೆ, ಅದರ ಮೇಲೆ ಎಣ್ಣೆ ಕೂತಿತ್ತು. ಮೆಕ್ಯಾನಿಕ್ ಸ್ಪ್ರೇ ಹೊಡೆದು ತೊಳೆದುಕೊಟ್ಟರು. ಆಗಲೇ ಅವರು ಹೇಳಿದ್ದರು: "ಸರ್, ಇದು ಗಾಳಿ ಚೊಲೊ ಬಿಡ್ತೈತಿ ಖರೆ, ಧೂಳೂ ಬಿಡ್ತೈತಿ. ಈ ಊರಿಗೆ ಬ್ಯಾಡ್ರಿ." ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆರಳು ಕೆಂಪಾದ ದಿನ ಆ ಮಾತು ನೆನಪಾಯಿತು. ಆದರೂ ಫಿಲ್ಟರ್ ಮೇಲೆ ಸುಮ್ನೆ ತಪ್ಪು ಹೊರಿಸಬಾರದು ಅಂತ ಪರೀಕ್ಷೆ ಮಾಡಿದೆ. ಪೈಪ್ ಪೂರ್ತಿ ಒರೆಸಿ, ಸಂದಿಯಿಂದ ಧೂಳು ನುಸುಳದ ಹಾಗೆ ಫಿಲ್ಟರ್ ಅಂಚಿಗೆ ಗ್ರೀಸ್ ಸವರಿ, ಕ್ಲಿಪ್ಪುಗಳನ್ನು ಸರಿಯಾಗಿ ಕೂರಿಸಿ ಎರಡು ವಾರ ಓಡಿಸಿದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕೆಂಪು. ಮತ್ತೆ ಒರೆಸಿ 350 ರೂಪಾಯಿಯ ಪೇಪರ್ ಫಿಲ್ಟರ್ ಹಾಕಿ ಎರಡು ತಿಂಗಳು ಓಡಿಸಿದೆ. ಬಟ್ಟೆ ಬೆಳ್ಳಗೇ ಇತ್ತು.

ಇಲ್ಲಿ ನನಗೆ ನಿಜವಾಗಿ ನೋವು ಕೊಟ್ಟ ವಿಷಯ ಒಂದಿದೆ. ಯಾವ ಫಿಲ್ಟರ್ ಆದರೂ ಮೇಲೆ ಸ್ವಲ್ಪ ಧೂಳು ಕೂತ ಮೇಲೆಯೇ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ಮುಂದಿನ ಧೂಳನ್ನು ತಡೆಯುತ್ತದೆ. ಹೊಸದಾಗಿದ್ದಾಗ ಅಥವಾ ಆಗಷ್ಟೇ ತೊಳೆದಾಗಲೇ ಜಾಸ್ತಿ ಒಳಗೆ ಬಿಡುವುದು. ಅಂದರೆ ನಾನು ಅಷ್ಟು ಪ್ರೀತಿಯಿಂದ ತಿಂಗಳು ತಿಂಗಳು ತೊಳೆದದ್ದೇ ಎಂಜಿನ್‌ಗೆ ಕೆಟ್ಟದ್ದಾಯಿತು. ಇಷ್ಟು ಬೇಗ ತೊಳೆಯಿರಿ ಅಂತ ಜೊತೆಗೆ ಬಂದ ಚೀಟಿಯಲ್ಲೂ ಇರಲಿಲ್ಲ. ಒಳಗೆ ಹೋದ ಮಣ್ಣು ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊ ರೆಕ್ಕೆಗೆ ಬಡಿಯುತ್ತದೆ, ಆಮೇಲೆ ಸಿಲಿಂಡರ್ ಗೋಡೆ ಉಜ್ಜುತ್ತದೆ. ಸದ್ಯ ಗಾಡಿ ಆಯಿಲ್ ಕುಡಿಯುತ್ತಿಲ್ಲ, ಹೊಗೆಯೂ ಇಲ್ಲ. ಪ್ರತಿ ವಾರ ಡಿಪ್‌ಸ್ಟಿಕ್ ನೋಡುತ್ತೇನೆ.

ದುಡ್ಡಿನ ಲೆಕ್ಕವೂ ಕೂಡಿಬರುವುದಿಲ್ಲ. 7,300 ರೂಪಾಯಿಗೆ ಇಪ್ಪತ್ತು ಪೇಪರ್ ಫಿಲ್ಟರ್ ಬರುತ್ತವೆ. ನನ್ನ ಓಡಾಟಕ್ಕೆ ಎಂಟು ವರ್ಷಕ್ಕೆ ಸಾಕು. ಡಾಂಬರು ಬಿಟ್ಟು ಇಳಿಯದ ಗಾಡಿಗೆ, ಸದ್ದು ಇಷ್ಟಪಡುವವರಿಗೆ, ಎಣ್ಣೆ ಹಾಕುವಾಗ ಕೈ ಹಿಡಿತ ಇರುವವರಿಗೆ ಇದು ಆಗಬಹುದು. ಹೊಸಪೇಟೆ, ಸಂಡೂರು, ಬಳ್ಳಾರಿ ಕಡೆಯವರು ದಯವಿಟ್ಟು ತಗೊಳ್ಳಬೇಡಿ. ಈಗಾಗಲೇ ಹಾಕಿಸಿದ್ದರೆ ಈ ಭಾನುವಾರ ಪೈಪ್ ಬಿಚ್ಚಿ, ಒಳಗೆ ಒಂದು ಬಿಳಿ ಬಟ್ಟೆ ಆಡಿಸಿ ನೋಡಿ. ಒಂದು ಸ್ಕ್ರೂಡ್ರೈವರ್ ಸಾಕು, ಹತ್ತು ನಿಮಿಷದ ಕೆಲಸ.