ಜೆಲ್ಲಾ, ತಂಬಿಟ್ಟಾ? ಗೋವಾದಲ್ಲಿ ಮೂರು ಸಲ ತಿಂದು ನೋಡಿದ್ದು

ಗೋವಾದ ಐರನ್‌ಮ್ಯಾನ್ 70.3 ರೇಸನ್ನು ನಾನು ಮೂರು ಸಲ ಮುಗಿಸಿದ್ದೇನೆ. 2022ರಲ್ಲಿ ಬರೀ ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಸಿಹಿ ಪಾಕ) ನಂಬಿಕೊಂಡು, 2023ರಲ್ಲಿ ಬರೀ ಮನೆ ತಿಂಡಿ ನಂಬಿಕೊಂಡು, 2024ರಲ್ಲಿ ಎರಡನ್ನೂ ಜೇಬಿಗೆ ಹಾಕಿಕೊಂಡು. ಅದೇ ಮೀರಾಮಾರ್ ಬೀಚು, ಅದೇ ಸೈಕಲ್ಲು, ಹೆಚ್ಚುಕಡಿಮೆ ಅದೇ ತಯಾರಿ. ವರ್ಷ ಕಳೆದಂತೆ ಒಂದಿಷ್ಟು ಅನುಭವವೂ ಸೇರುತ್ತೆ ಅಲ್ವಾ, ಹಾಗಾಗಿ ಎಲ್ಲ ವ್ಯತ್ಯಾಸವನ್ನೂ ಊಟದ ಲೆಕ್ಕಕ್ಕೆ ಬರೆಯೋದಿಲ್ಲ. ಆದರೆ ಮೊದಲ ಎರಡು ಸಲ ಓಡಬೇಕಾದ ಕಡೆ ನನ್ನನ್ನು ನಡೆಸಿದ್ದು ತಿಂದ ರೀತಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ.

ಹೊಸಬರಿಗೆ ಒಂದು ಮಾತು. ಸಮುದ್ರದಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ., ಮೈಲಿ ಲೆಕ್ಕದಲ್ಲಿ 70.3. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಜೋರು ಕೆಲಸಕ್ಕೆ ಎರಡು ಗಂಟೆ ಬಂದರೆ ಹೆಚ್ಚು. ಮಿಕ್ಕಿದ್ದನ್ನು ದಾರಿಯಲ್ಲೇ ತಿನ್ನಬೇಕು. ಗಂಟೆಗೆ 60 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್) ಅನ್ನೋದು ಹೆಚ್ಚಿನವರು ಹಿಡಿಯುವ ಗುರಿ. ಕರುಳು ಗ್ಲೂಕೋಸನ್ನು ಒಂದು ಬಾಗಿಲಿಂದ, ಫ್ರಕ್ಟೋಸನ್ನು ಇನ್ನೊಂದು ಬಾಗಿಲಿಂದ ಒಳಗೆ ಬಿಟ್ಟುಕೊಳ್ಳುತ್ತೆ. ಹಾಗಾಗಿ ಎರಡೂ ಬೆರೆತಿದ್ದರೆ, ಅಭ್ಯಾಸವೂ ಇದ್ದರೆ, 90 ಗ್ರಾಂವರೆಗೂ ಹೋಗಬಹುದು.

ಇನ್ನೊಂದು ನಿಯಮ ಮೊದಲೇ ತಿಳಿದಿರಲಿ. ಹೊರಗಿನವರು ಸಹಾಯ ಮಾಡುವಂತಿಲ್ಲ. ರಸ್ತೆ ಬದಿಯಲ್ಲಿ ನಿಂತ ಮನೆಯವರು ಒಂದು ಬಾಳೆಹಣ್ಣು ಕೊಟ್ಟರೂ ತಪ್ಪು. ರೇಸಿನವರೇ ದಾರಿಯಲ್ಲಿ ನೀರು, ತಿಂಡಿ ಕೊಡುವ ಏಡ್ ಸ್ಟೇಷನ್ನಿನಲ್ಲಿ ಸಿಗೋದು ಬಿಟ್ಟರೆ, ನೀವು ಹೊತ್ತದ್ದೇ ನಿಮ್ಮ ಊಟ.

ಮೊದಲು ಜೆಲ್ ಕಥೆ. ಒಂದು ಪೊಟ್ಟಣದಲ್ಲಿ 20ರಿಂದ 25 ಗ್ರಾಂ ಕಾರ್ಬ್, ಹೆಚ್ಚಿನವು ಮಾಲ್ಟೋಡೆಕ್ಸ್‌ಟ್ರಿನ್ (ಬೇಗ ಗ್ಲೂಕೋಸ್ ಆಗುವ ಪಿಷ್ಟದ ಪುಡಿ) ಮತ್ತು ಫ್ರಕ್ಟೋಸ್. ಅಗಿಯುವ ಹಾಗಿಲ್ಲ, ಹಲ್ಲಿಂದ ಮೂಲೆ ಕಿತ್ತು ಹಿಂಡಿದರೆ ಮುಗೀತು. ಲೆಕ್ಕ ಸುಲಭ, ಅದೇ ಇದರ ದೊಡ್ಡ ಗುಣ. 25 ನಿಮಿಷಕ್ಕೊಂದು ಅಂತ ವಾಚಿನಲ್ಲಿ ಅಲಾರಂ ಇಟ್ಟುಕೊಂಡಿದ್ದೆ, ಮೂರೂವರೆ ಗಂಟೆಯ ಸೈಕಲ್ಲಿಗೆ ಎಂಟು ಪೊಟ್ಟಣ. ಕಾಗದದ ಮೇಲೆ ಸರಿಯಾಗೇ ಇತ್ತು.

ನಾನು ಮಾಡಿದ ತಪ್ಪು ಬಾಟ್ಲಿಯಲ್ಲಿತ್ತು. ನೀರಿನ ಬದಲು ಸಿಹಿ ಸ್ಪೋರ್ಟ್ಸ್ ಡ್ರಿಂಕ್ ತುಂಬಿಕೊಂಡಿದ್ದೆ. ಜೆಲ್ ಮೇಲೆ ಮತ್ತೆ ಸಿಹಿ ನೀರು ಕುಡಿದರೆ ಹೊಟ್ಟೆಯಲ್ಲಿ ಗಟ್ಟಿ ಪಾಕ ಆಗುತ್ತೆ, ಅದನ್ನು ತೆಳು ಮಾಡೋಕೆ ಕರುಳು ಮೈಯ ನೀರನ್ನೇ ಎಳೆದುಕೊಳ್ಳುತ್ತೆ. ಬಿಸಿಲಿಗೆ ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋಗಿ ಹೊಟ್ಟೆಗೆ ಸಿಗೋದೇ ಕಡಿಮೆ, ಅದರ ಮೇಲೆ ಇದು ಬೇರೆ. ಸೈಕಲ್ ಇಳಿಯುವಾಗಲೇ ಹೊಟ್ಟೆಯಲ್ಲಿ ಬಿಂದಿಗೆ ನೀರು ಕುಲುಕಿದ ಹಾಗೆ ಸದ್ದು. ಓಟದ 9ನೇ ಕಿಲೋಮೀಟರಿನಲ್ಲಿ ಪಕ್ಕಕ್ಕೆ ಹೋಗಿ ವಾಂತಿ ಮಾಡಿದೆ. ಬಂದದ್ದೆಲ್ಲ ತಿಳಿ ಸಿಹಿ ನೀರು. ಆಮೇಲೆ ಎರಡು ಕಿಲೋಮೀಟರ್ ಬರೀ ನೀರು ಗುಟುಕರಿಸುತ್ತಾ ನಡೆದು, ನಂತರ ಏಡ್ ಸ್ಟೇಷನ್ನಿನಲ್ಲಿ ಕೊಟ್ಟ ಕೋಲಾ ಒಂದೊಂದೇ ಗುಟುಕು ಕುಡಿದು ಮುಗಿಸಿದೆ. 7 ಗಂಟೆ 44 ನಿಮಿಷ, ಅದರಲ್ಲಿ ಓಟಕ್ಕೇ ಮೂರು ಗಂಟೆ ದಾಟಿತ್ತು.

ಜೆಲ್ ಮೇಲೆ ಸಿಟ್ಟು ಬಂದದ್ದು ನಿಜ. ಒಂದಕ್ಕೆ ನೂರರಿಂದ ಇನ್ನೂರು ರೂಪಾಯಿ, ಆ ದುಡ್ಡಿಗೆ ಮನೆಯಲ್ಲಿ ಎಷ್ಟು ಉಂಡೆ ಕಟ್ಟಬಹುದು ಅಂತ ಯೋಚನೆ ಶುರುವಾದದ್ದೇ ಆಗ.

ನಮ್ಮ ಮೈಸೂರು ಕಡೆ ಶಿವರಾತ್ರಿಗೆ ತಂಬಿಟ್ಟು ಮಾಡ್ತಾರಲ್ಲ, ಅದನ್ನೇ ಹಿಡಿದೆ. ಹುರಿದ ಅಕ್ಕಿ ಹಿಟ್ಟು, ಬೆಲ್ಲ. ಯೋಚಿಸಿ ನೋಡಿ, ಅಕ್ಕಿಯ ಪಿಷ್ಟ ಒಡೆದು ಗ್ಲೂಕೋಸ್ ಆಗುತ್ತೆ, ಬೆಲ್ಲದ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್ ಅರ್ಧ ಫ್ರಕ್ಟೋಸ್. ಜೆಲ್ ಪೊಟ್ಟಣದ ಹಿಂದೆ ಬರೆದಿರುವ ಬೆರಕೆಯೇ ನಮ್ಮ ಡಬ್ಬಿಯಲ್ಲಿದೆ! ಆದರೆ ಹಬ್ಬದ ತಂಬಿಟ್ಟನ್ನು ಹಾಗೇ ಒಯ್ಯೋಕಾಗಲ್ಲ. ಕೊಬ್ಬರಿ, ಕಡಲೆಕಾಯಿ, ಎಳ್ಳು, ತುಪ್ಪ ಎಲ್ಲ ಕೊಬ್ಬು, ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ. ಅಮ್ಮನಿಗೆ ಅದನ್ನು ಒಪ್ಪಿಸೋಕೆ ಒಂದು ವಾರ ಬೇಕಾಯ್ತು.

“ತುಪ್ಪ ಇಲ್ಲದೆ ಉಂಡೆ ಹೆಂಗೋ ನಿಲ್ಲುತ್ತೆ?” ಅಂದರು.

“ನಿಂತಷ್ಟು ನಿಲ್ಲಲಿ ಅಮ್ಮ, ಕೈಗೆ ಸವರೋಕೆ ಮಾತ್ರ ಹಾಕು.”

ಕೊನೆಗೆ ಅವರೇ ದಾರಿ ಕಂಡುಹಿಡಿದರು. ಬೆಲ್ಲದ ನೀರು ಕುದಿಸಿ, ಸೋಸಿ, ಚಿಟಿಕೆ ಉಪ್ಪು, ಏಲಕ್ಕಿ ಹಾಕಿ, ಬಿಸಿ ಇರುವಾಗಲೇ ಹಿಟ್ಟು ಕಲಸಿ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರು. ಒಂದು ಉಂಡೆ 25 ಗ್ರಾಂ ತೂಗಿತು. ನನ್ನ ಅಂದಾಜಿಗೆ ಅದರಲ್ಲಿ 20 ಗ್ರಾಂ ಕಾರ್ಬ್. ಕುಡಿಯೋಕೆ ಪಾನಕ: 750 ಮಿ.ಲೀ. ಬಾಟ್ಲಿಗೆ 45 ಗ್ರಾಂ ಬೆಲ್ಲ, ಅರ್ಧ ನಿಂಬೆ, ಕಾಲು ಚಮಚ ಉಪ್ಪು.

2023ರಲ್ಲಿ ಇದರ ಜೊತೆಗೆ ಏಲಕ್ಕಿ ಬಾಳೆ ನಾಲ್ಕು, ಬೀಜ ತೆಗೆದ ಖರ್ಜೂರ ಹತ್ತು. ಮೊದಲ ಎರಡು ಗಂಟೆ ಎಷ್ಟು ಚೆನ್ನಾಗಿತ್ತು ಅಂದರೆ, ಸಮುದ್ರದ ಉಪ್ಪು ನೀರು ಕುಡಿದು ಕೆಟ್ಟಿದ್ದ ಬಾಯಿಗೆ ಆ ಮೊದಲ ತುತ್ತು, ಹುರಿದ ಅಕ್ಕಿಯ ಘಮ, ಮನೆ ಅಡುಗೆಮನೆಯಲ್ಲಿ ಕೂತ ಹಾಗಿತ್ತು. ಹೊಟ್ಟೆ ಒಂದು ಸಲವೂ ತಕರಾರು ಮಾಡಲಿಲ್ಲ. ಹಸಿವು ಅನ್ನೋದು ಹೋಯ್ತು. ಜೆಲ್‌ನಲ್ಲಿ ಎಷ್ಟು ತಿಂದರೂ ಹೊಟ್ಟೆ ಖಾಲಿ ಅನ್ನಿಸುತ್ತೆ.

60 ಕಿ.ಮೀ. ದಾಟಿದ ಮೇಲೆ ತೊಂದರೆ ಶುರು. ಬಿಸಿಲೇರಿತ್ತು, ಏದುಸಿರು ಬರ್ತಿತ್ತು. ಒಣ ಹಿಟ್ಟಿನ ಉಂಡೆ ಬಾಯಲ್ಲಿಟ್ಟುಕೊಂಡು ಉಸಿರಾಡೋದು ಕಷ್ಟ, ಒಂದು ಸಲ ಹಿಟ್ಟು ಗಂಟಲಿಗೆ ಹಾರಿ ಕೆಮ್ಮಿ ಕೆಮ್ಮಿ ಸೈಕಲ್ ನಿಲ್ಲಿಸಬೇಕಾಯ್ತು. ಜೇಬಿನಲ್ಲಿದ್ದ ಉಂಡೆಗಳು ಬೆವರಿಗೆ ನೆನೆದು ಬಾಳೆಹಣ್ಣಿನ ಜೊತೆ ಒಂದೇ ಮುದ್ದೆಯಾಗಿದ್ದವು. ಎರಡನೇ ಬಾಟ್ಲಿಯ ಪಾನಕ ಸೋಸಿರಲಿಲ್ಲ, ಬೆಲ್ಲದ ಕಸ ಮೂತಿಗೆ ಸಿಕ್ಕಿಕೊಂಡು ಹಿಂಡಿದರೂ ಹನಿ ಬರಲಿಲ್ಲ. ಹಲ್ಲಿಂದ ಮೂತಿ ಎಳೆದು, ಉಗುರಿಂದ ಕಸ ಕೆರೆದು ತೆಗೆದೆ. ಇಷ್ಟಾದ ಮೇಲೆ ಒಂದು ತುತ್ತು ಬಿಟ್ಟರೆ ಏನಾಗುತ್ತೆ ಅಂತ ಬಿಟ್ಟೆ, ಇನ್ನೊಂದು ಬಿಟ್ಟೆ. ರಾತ್ರಿ ಕೂತು ಲೆಕ್ಕ ಹಾಕಿದರೆ ಗಂಟೆಗೆ 35 ಗ್ರಾಂ ಹತ್ತಿರ, ಅಷ್ಟೇ. ಓಟದ 14ನೇ ಕಿಲೋಮೀಟರಿಗೆ ದೀಪ ಆರಿದ ಹಾಗಾಯ್ತು. ನೋವಿಲ್ಲ, ವಾಂತಿಯಿಲ್ಲ, ಸುಮ್ನೆ ಕಾಲೆತ್ತೋಕೆ ಶಕ್ತಿ ಇಲ್ಲ. ಸೈಕ್ಲಿಸ್ಟುಗಳು ಬಾಂಕ್ ಆಗೋದು ಅಂತಾರಲ್ಲ, ಅದೇ. 7 ಗಂಟೆ 20 ನಿಮಿಷ.

ಎರಡರಲ್ಲಿ ಯಾವ ಸೋಲು ಕೆಟ್ಟದ್ದು ಅಂತ ಕೇಳಿದರೆ ಜೆಲ್‌ದೇ ಅಂತೀನಿ. ಬಾಂಕ್ ಆದರೆ ಒಂದು ಲೋಟ ಕೋಲಾ ಕುಡಿದು ಕಾಲು ಗಂಟೆಯಲ್ಲಿ ಸ್ವಲ್ಪ ಚೇತರಿಸಿಕೊಳ್ಳಬಹುದು. ಹೊಟ್ಟೆ ಕೆಟ್ಟರೆ ಏನನ್ನೂ ಒಳಗೆ ಕಳಿಸೋಕಾಗಲ್ಲ.

ಸಣ್ಣಪುಟ್ಟದ್ದು ಬೇಗ ಹೇಳಿಬಿಡ್ತೀನಿ. ಕಡಲೆ ಮಿಠಾಯಿ ಅಭ್ಯಾಸಕ್ಕೆ ಸರಿ, ರೇಸಿಗೆ ಬೇಡ: ಕೊಬ್ಬು ಜಾಸ್ತಿ, ಹಲ್ಲಿಗೆ ಅಂಟುತ್ತೆ. ಖರ್ಜೂರ ಐದಾರು ತಿಂದರೆ ಒಳ್ಳೆಯದು, ಅದಕ್ಕಿಂತ ಹೆಚ್ಚಾದರೆ ನಾರು ತನ್ನ ಕೆಲಸ ಶುರು ಮಾಡುತ್ತೆ. ಬಾಳೆಹಣ್ಣು ಹೊರಬೇಡಿ, ಏಡ್ ಸ್ಟೇಷನ್ನಿನಲ್ಲೇ ಸಿಗುತ್ತೆ. ಎಳನೀರು ರೇಸಿನ ಮಧ್ಯೆ ಉಪ್ಪಿಗೆ ಬದಲಿ ಅಲ್ಲ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಲ್ಲಿ ನಾವು ಕಳೆದುಕೊಳ್ಳೋದು ಮುಖ್ಯವಾಗಿ ಸೋಡಿಯಂ. ಮೆಡಿಕಲ್ ಶಾಪಿನ ಓಆರ್‌ಎಸ್ ಉಪ್ಪಿಗೆ ತುಂಬಾ ಒಳ್ಳೆಯದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಲೀಟರಿಗೆ ಗ್ಲೂಕೋಸ್ ಇರೋದು 13.5 ಗ್ರಾಂ ಅಷ್ಟೇ, ಅದನ್ನು ಊಟ ಅಂದುಕೊಳ್ಳಬೇಡಿ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯೋದಂತೂ ಅಪಾಯ, ರಕ್ತದ ಸೋಡಿಯಂ ಇಳಿದು ಆಸ್ಪತ್ರೆ ಸೇರುವ ಹಾಗಾಗಬಹುದು.

2024ಕ್ಕೆ ಮೊದಲು ಆರು ಭಾನುವಾರ ಮೈಸೂರಿನಿಂದ ನಂಜನಗೂಡು ದಾಟಿ ಬೇಗೂರಿನವರೆಗೆ ಹೋಗಿ ಬಂದೆ. ಹೋಗಿ ಬಂದರೆ ಹೆಚ್ಚುಕಡಿಮೆ 90 ಕಿ.ಮೀ. ಆಗುತ್ತೆ. ಬಂದ ಕೂಡಲೇ ಕುಕ್ಕರಹಳ್ಳಿ ಕೆರೆ ಸುತ್ತ ಅರ್ಧ ಗಂಟೆ ಓಟ. ಪ್ರತಿ ವಾರವೂ ರೇಸಿನ ದಿನ ಏನು ತಿನ್ನಬೇಕೋ ಅದನ್ನೇ ತಿಂದೆ. ಹೊಟ್ಟೆಗೂ ತಾಲೀಮು ಬೇಕು ಅಂತ ನನಗೆ ಮೊದಲೆರಡು ವರ್ಷ ಯಾರಾದರೂ ಗದರಿಸಿ ಹೇಳಿದ್ದರೆ ಎಷ್ಟು ಚೆನ್ನಾಗಿರ್ತಿತ್ತು.

ಕೊನೆಗೆ ನಿಂತ ಲೆಕ್ಕ ಇದು. ಸೈಕಲ್ಲಿನ ಮೊದಲ ಎರಡು ಗಂಟೆ ಅರ್ಧ ಗಂಟೆಗೊಂದು ತಂಬಿಟ್ಟು, ಗಂಟೆಗೆ ಅರ್ಧ ಬಾಟ್ಲಿ ಪಾನಕ, ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದ್ದು. ಹೀಗೆ 60 ಗ್ರಾಂ ಆರಾಮಾಗಿ ಆಗುತ್ತೆ. ಎರಡು ಗಂಟೆ ಆದ ಮೇಲೆ ಅಗಿಯೋದು ಬಂದ್, ಮೂರು ಜೆಲ್, ಪ್ರತಿಯೊಂದಕ್ಕೂ ಬರೀ ನೀರು. ಓಟದಲ್ಲಿ ಅರ್ಧ ಗಂಟೆಗೊಂದು ಜೆಲ್, ಕೊನೆಯ 7 ಕಿಲೋಮೀಟರ್ ಕೋಲಾ. ಉಪ್ಪಿಗೆ ಓಆರ್‌ಎಸ್ ಬೇರೆ ಬಾಟ್ಲಿಯಲ್ಲಿ.

ರೇಸಿನ ದಿನ 14ನೇ ಕಿಲೋಮೀಟರ್ ಬೋರ್ಡು ಕಂಡಾಗ ನನಗೆ ನಿಜಕ್ಕೂ ಭಯ ಆಯ್ತು. ಹಿಂದಿನ ವರ್ಷ ನಿಂತ ಜಾಗ. ದಾಟಿದೆ. 15, 16. ಕಾಲು ನೋಯ್ತಿತ್ತು, ಆದರೆ ಓಡ್ತಿತ್ತು. ಓಟ 2 ಗಂಟೆ 28 ನಿಮಿಷ, ಒಟ್ಟು 6 ಗಂಟೆ 48.

ಜೆಲ್ ಬೇಡವೇ ಬೇಡ ಅನ್ನುವವರಿಗೆ ನನ್ನ ಸಲಹೆ: ಕೊನೆಯ ಒಂದೂವರೆ ಗಂಟೆಗೆ ಗಟ್ಟಿ ಪಾನಕವನ್ನು ಸಣ್ಣ ಬಾಟ್ಲಿಯಲ್ಲಿ ಇಟ್ಟುಕೊಂಡು, ಮೇಲೆ ನೀರು ಕುಡಿದು ನೋಡಿ. ಬಾಟ್ಲಿ ಖಾಲಿಯಾದರೂ ರಸ್ತೆಗೆ ಎಸೆಯಬೇಡಿ, ಕಸ ಹಾಕೋಕೆ ಗುರುತು ಮಾಡಿದ ಜಾಗ ಬಿಟ್ಟು ಬೇರೆ ಕಡೆ ಎಸೆದರೆ ದಂಡನೆ ಬೀಳುತ್ತೆ. ಈ ಗಟ್ಟಿ ಪಾನಕವನ್ನು ನಾನು ಇನ್ನೂ ರೇಸಿನಲ್ಲಿ ಕುಡಿದು ನೋಡಿಲ್ಲ. ಅಮ್ಮ ಬೆಲ್ಲ ಸೋಸಿ ಇಟ್ಟಿದ್ದಾರೆ, ಈ ಭಾನುವಾರ ಬೇಗೂರಿಗೆ ಒಯ್ಯುತ್ತಿದ್ದೇನೆ.